ಕಾಲಿಗೆ ತಂತಿ ಕಟ್ಟಿಕೊಂಡು ಮಾಡಿದ ಹತ್ತು ಪರೀಕ್ಷೆ

ಜೂನ್ ೮, ಬೆಳಿಗ್ಗೆ ೯.೧೦ಕ್ಕೆ ಶುರು.

ಶಿರಾದ ಅಂಗಡಿಯಿಂದ ಹಿಂದಿನ ದಿನ ಮದಲೂರಿನ ನಮ್ಮ ಮನೆಗೆ ತಂದಿದ್ದು: ಮದರ್‌ಬೋರ್ಡ್, ಪ್ರೊಸೆಸರ್, ಎರಡು ರ‍್ಯಾಮ್, ಪವರ್ ಸಪ್ಲೈ. ಒಟ್ಟು ಐದು. ಮಾನಿಟರ್, ಹಾರ್ಡ್ ಡಿಸ್ಕ್, ಕ್ಯಾಬಿನೆಟ್ ಹಳೆಯವು. ಜೂನ್ ೯ರ ಬೆಳಿಗ್ಗೆ ಹತ್ತಕ್ಕೆ ಅಕ್ಕ ಈ ಕಂಪ್ಯೂಟರಿನ ಮುಂದೆ ಕೂತು ಆನ್‌ಲೈನಿನಲ್ಲಿ ಮಾದರಿ ಪಾಠ ಮಾಡಬೇಕಿತ್ತು. ಪಾಠ ಚೆನ್ನಾಗಿ ಆದರೆ ಮೇಷ್ಟ್ರ ಕೆಲಸ ಸಿಗುತ್ತಿತ್ತು. ಎಲ್ಲವನ್ನೂ ಕ್ಯಾಬಿನೆಟ್ಟಿಗೆ ಬಿಗಿದ ಮೇಲೆ ಕೆಟ್ಟಿದ್ದು ಯಾವುದೆಂದು ಹುಡುಕುವುದು ಕಷ್ಟ. ಅದಕ್ಕೇ ಹೊರಗೇ ಪರೀಕ್ಷಿಸಲು ಬೋರ್ಡನ್ನು ಅದರದೇ ರಟ್ಟಿನ ಡಬ್ಬದ ಮೇಲೆ ಮಲಗಿಸಿದೆ.

ಮೈಯಲ್ಲಿರುವ ಸ್ಥಿರ ವಿದ್ಯುತ್ತು ಚಿಪ್ಪುಗಳನ್ನು ಸುಡುತ್ತದೆ ಎಂದು ಓದಿದ್ದೆ. ಅದು ಭೂಮಿಗೆ ಹರಿಯಲೆಂದು ತಾಮ್ರದ ತಂತಿಯ ಒಂದು ತುದಿಯನ್ನು ಎಡಗಾಲಿಗೆ ಸುತ್ತಿ, ಇನ್ನೊಂದನ್ನು ಬಚ್ಚಲಿನ ಹಿತ್ತಾಳೆ ನಲ್ಲಿಗೆ ಕಟ್ಟಿದೆ. ಉದ್ದ ಹದಿನಾಲ್ಕು ಅಡಿ.

ಕಡಲೆಕಾಯಿ ಸುಲಿಯುತ್ತಿದ್ದ ಅಜ್ಜಿ ತಲೆಯೆತ್ತಿದಳು. “ಇದೇನ್ಲಾ, ಕರಾನ ಗೂಟಕ್ಕೆ ಕಟ್ಟಾಕ್ದಂಗೆ?”

“ಮೈಯಾಗಿನ ಕರೆಂಟು ಭೂಮಿಗೆ ಓಗ್ಲಿ ಅಂತ ಕಣಜ್ಜಿ.”

“ನಿನ್ ಮೈಯಾಗೆ ಕರೆಂಟಿದ್ರೆ ಬೆಳಿಗ್ಗೆ ಏಳು ಗಂಟೆಗಾದ್ರೂ ಏಳ್ತಿದ್ದೆ,” ಎಂದವಳು ಮೊರ ಎತ್ತಿಕೊಂಡು ಜಗಲಿಗೆ ಹೋದಳು.

ಆನ್ ಮಾಡುವ ಗುಂಡಿ ಇರುವುದು ಕ್ಯಾಬಿನೆಟ್ಟಿನಲ್ಲಿ. ಅದಿಲ್ಲದಾಗ ಬೋರ್ಡಿನ ಎರಡು ಪುಟ್ಟ ಕಡ್ಡಿಗಳಿಗೆ ಸ್ಕ್ರೂಡ್ರೈವರಿನ ತುದಿಯನ್ನು ಒಂದು ಕ್ಷಣ ತಾಕಿಸಬೇಕು. ತಾಕಿಸಿದೆ. ಪ್ರೊಸೆಸರಿನ ಫ್ಯಾನು ಎರಡು ಸುತ್ತು ತಿರುಗಿ ನಿಂತಿತು. ತಲೆಯ ಮೇಲಿನ ಫ್ಯಾನೂ ನಿಂತಿತು. “ಅಯ್ಯೋ” ಎಂದು ಕೈ ಹಿಂದೆಗೆದೆ. ಕರೆಂಟು ವಾಪಸು ಬಂತು.

ಮೊದಲಿನದೂ ಸೇರಿ ಎರಡು ರ‍್ಯಾಮ್ ಹಾಕಿ ಮೂರು ಸಲ, ಒಂದನ್ನೇ ಹಾಕಿ ಮೂರು ಸಲ, ಇನ್ನೊಂದನ್ನು ಹಾಕಿ ಮೂರು ಸಲ. ಒಂಬತ್ತು ಸಲವೂ ಹಾಗೆಯೇ. ೧೧.೩೦ಕ್ಕೆ ಬರೆದೆ: ಪವರ್ ಸಪ್ಲೈ ಶಾರ್ಟ್.

“ನಾಳೆ ಸ್ಲೇಟ್ ಇಡ್ಕೊಂಡ್ ಪಾಠ ಮಾಡ್ಲೇನೋ?” ಎಂದಳು ಅಕ್ಕ. ಅವಳ ಮುಖ ಸಪ್ಪಗಿತ್ತು.

ಎಲ್ಲ ಗಂಟು ಕಟ್ಟಿಕೊಂಡು ಬಸ್ಸು ಹತ್ತಿದೆ. ಅಂಗಡಿಯವರು ಮೇಜಿನ ಮೇಲೆ ಹರಡಿ, ಸ್ಕ್ರೂಡ್ರೈವರ್ ತಾಕಿಸಿದರು. ಮೊದಲ ಸಲಕ್ಕೇ ಪರದೆ ಬೆಳಗಿತು. “ಮಾಲು ಸರಿಯಾಗೇ ಐತಲ್ರೀ. ನಿಮ್ಮನೆ ಕರೆಂಟಿಗೇ ಏನೋ ಆಗೈತೆ ನೋಡ್ಕೊಳ್ಳಿ.”

ಮನೆಗೆ ಬಂದು ಮತ್ತೆ ಕಾಲಿಗೆ ತಂತಿ ಸುತ್ತಿದೆ. ಕರೆಂಟು ಹೋಗುವ ಹೊತ್ತನ್ನು ಸೆಕೆಂಡು ಸಮೇತ ಬರೆಯಲೆಂದು ಅಕ್ಕನನ್ನು ಜಗಲಿಯ ಮೀಟರಿನ ಹತ್ತಿರ ನಿಲ್ಲಿಸಿದೆ. ಹತ್ತನೆಯ ಪರೀಕ್ಷೆ. ಫ್ಯಾನು ನಿಂತಿತು. ಹೊರಗಿನಿಂದ ಅಕ್ಕನ ಕೂಗು: “ಲೋ, ಕಳ್ಳಿ ಸಿಕ್ಕಿದ್ಲು ಬಾರೋ!”

ಅಜ್ಜಿಯ ಕೈ ಮೈನ್ ಸ್ವಿಚ್ಚಿನ ಮೇಲಿತ್ತು. ತೆಗೆಯಲೂ ಇಲ್ಲ.

“ಕಾಲ್ಗೆ ತಂತಿ ಕಟ್ಕಂಡು ಕರೆಂಟಿಗೆ ಕಬ್ಬಿಣ ತಿವೀತೀಯ. ಕಿಟಕೀಲಿ ನೋಡ್ಕಂಡ್ ಸುಮ್ನೆ ಕೂತ್ಕಳನಾ? ಅತ್ ಸತಿ ನಿನ್ ಜೀವ ಉಳಿಸ್ಬುಟ್ಟಿವ್ನಿ ಕಣ್ಲಾ. ಅದ್ನೂ ಬರ್ಕ.”

ಬರೆದುಕೊಂಡೆ. ತಂತಿ ಬಿಚ್ಚಿದ ಮೇಲೆಯೇ ಅವಳು ಕೈ ತೆಗೆದಿದ್ದು. ೪.೨೫ಕ್ಕೆ ಹನ್ನೊಂದನೆಯ ಪರೀಕ್ಷೆ. ಪರದೆಯ ಮೇಲೆ ಅಕ್ಷರ ಮೂಡಿದವು. ಸಂಜೆಯೊಳಗೆ ಎಲ್ಲ ಕ್ಯಾಬಿನೆಟ್ ಸೇರಿತು. ಮರುದಿನ ಅಕ್ಕನ ಪಾಠ ಮುಗಿಯುವವರೆಗೆ, ನಲವತ್ತು ನಿಮಿಷ, ಯಾರೂ ಮುಟ್ಟದಂತೆ ಮೈನ್ ಸ್ವಿಚ್ಚನ್ನು ಕಾದವಳೂ ಅಜ್ಜಿಯೇ. ಕೆಲಸ ಸಿಕ್ಕಿತು.

ಒಂದು ಮಾತು ಉಳಿದಿದೆ. ತಂತಿ ಬಿಚ್ಚುವಾಗ ನೋಡಿದರೆ, ನಲ್ಲಿಯಷ್ಟೇ ಹಿತ್ತಾಳೆ. ಅದರ ಹಿಂದಿನ ಪೈಪು ಪೂರ್ತಿ ಪ್ಲಾಸ್ಟಿಕ್ಕು. ಹಾಗಾದರೆ ಹತ್ತು ಪರೀಕ್ಷೆಗಳಲ್ಲಿ ನನ್ನ ಚಿಪ್ಪುಗಳನ್ನು ಕಾಪಾಡಿದ್ದು ಯಾವುದು? ಗೊತ್ತಿದ್ದವರು ದಯವಿಟ್ಟು ಬರೆದು ತಿಳಿಸಿ. ಅಜ್ಜಿ ಎಂದು ಮಾತ್ರ ಬರೆಯಬೇಡಿ. ಅದನ್ನು ಅವಳು ಆಗಲೇ ಊರಿಗೆಲ್ಲ ಹೇಳಿದ್ದಾಳೆ.