ತೊಳೆದು ಬಂದ ಡಬ್ಬಿ

ಹೋದ ವಾರ ನಮ್ಮ ಮನೆಗೆ ಒಂದು ಸ್ಟೀಲ್ ಡಬ್ಬಿ ವಾಪಸ್ ಬಂತು. ಖಾಲಿ. ಬರೀ ಖಾಲಿಯಲ್ಲ, ತೊಳೆದು, ಒರೆಸಿ, ಮುಖ ಕಾಣುವಷ್ಟು ಹೊಳಪಾಗಿ.

ಅದರಲ್ಲಿ ನನ್ನ ಮುಖ ನೋಡಿಕೊಂಡೆ. ಮಗಳ ಸಂಬಂಧ ಮುರಿದುಬಿದ್ದ ಅಪ್ಪನ ಮುಖ.

ನಮ್ಮ ಕಡೆ ಯಾರ ಮನೆಯ ಡಬ್ಬಿಯನ್ನೂ ಬರಿದಾಗಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಹಾಕುತ್ತಾರೆ. (ಜಗಳವಾಡಿದ ನೆರೆಯವರೂ ಹಾಕುತ್ತಾರೆ. ಮುಖ ತಿರುಗಿಸಿಕೊಂಡು ಹಾಕುತ್ತಾರೆ, ಆದರೆ ಹಾಕುತ್ತಾರೆ.) ಈ ಡಬ್ಬಿ ಬಂದದ್ದಾದರೂ ಎಲ್ಲಿಂದ? ಅಕ್ಕಲಕೋಟೆಯಿಂದ. ನನ್ನ ಮಗಳು ಸ್ನೇಹಲ್‌ಳನ್ನು ನೋಡಿ, ಒಪ್ಪಿ, ಒಳ್ಳೆಯ ದಿನ ನೋಡಿ ಮಾತು ಮುಗಿಸೋಣ ಎಂದಿದ್ದವರ ಮನೆಯಿಂದ.

ತಂದುಕೊಟ್ಟವನು ಹೆಂಡತಿಯ ತಮ್ಮ, ಅಕ್ಕಲಕೋಟೆಯ ಪಕ್ಕದ ಮೈಂದರ್ಗಿಯವನು. ಎರಡೂ ಮನೆಗಳ ನಡುವಿನ ಕೊರಿಯರ್.

"ಡಬ್ಬಿ ಕೊಡುವಾಗ ಅವ್ರ ಮಾರಿ ಹ್ಯಾಂಗಿತ್ತೋ?" ಹೆಂಡತಿ ಕೇಳಿದಳು.

"ಮಾರಿ ಮಾರಿ ಹಂಗ ಇತ್ತಕ್ಕಾ."

ಇಂಥವನಿಗೂ ದೇವರು ಮೆದುಳು ಕೊಟ್ಟಿದ್ದಾನೆ.

ಮೊನ್ನೆಯಷ್ಟೇ ಎಲ್ಲೋ ಓದಿದ್ದೆ. ಎದುರಿಗಿದ್ದವನು ಲೋಟಕ್ಕೆ ಕೈ ಚಾಚಿದರೆ ಸಾಕು, ಅದು ಕುಡಿಯಲೋ ತೊಳೆಯಲೋ ಎಂದು ನಮ್ಮ ಮೆದುಳು ಊಹಿಸಿಬಿಡುತ್ತದಂತೆ. ತಾನೇ ಕೈ ಚಾಚಿದ ಹಾಗೆ ಒಳಗೊಳಗೇ ನಟಿಸಿ ನೋಡುತ್ತದಂತೆ. ಓದಿ ಹೆಮ್ಮೆಪಟ್ಟಿದ್ದೆ. ನಾನು ಸೋಲಾಪುರದಲ್ಲಿ ಚಾದರ ಮಾರುವವನು. ಗಿರಾಕಿ ಚಾದರವನ್ನು ಬೆರಳಲ್ಲಿ ಉಜ್ಜಿದರೆ ಕೊಳ್ಳುತ್ತಾನೆ. ಅಂಗೈಯಿಂದ ಸವರಿದರೆ ಕೊಳ್ಳುವುದಿಲ್ಲ. ಹೆಂಡತಿಯ ಕಡೆ ನೋಡಿದರೆ 'ನಾಳೆ ಬರುತ್ತೇನೆ'. ಇಷ್ಟೆಲ್ಲ ಬಲ್ಲ ಮೆದುಳಿಗೆ ಒಂದು ಡಬ್ಬಿ ಯಾವ ಲೆಕ್ಕ?

(ಅಂಕಣ ಓದುವ ನಿಮಗೆ ನನ್ನ ಕಾಯಿಲೆ ಗೊತ್ತು. ವಾಚ್‌ಮನ್ ಸಲಾಮು ಹೊಡೆಯದಿದ್ದರೆ ಸೊಸೈಟಿಯವರು ನನ್ನ ವಿರುದ್ಧ ಏನೋ ಠರಾವು ಮಾಡಿದ್ದಾರೆ ಎಂದುಕೊಳ್ಳುವವನು ನಾನು.)

ಮೆದುಳು ಅಂಗಡಿ ತೆರೆಯಿತು. ಬರಿದು ಎಂದರೆ ಸಂಬಂಧ ಬೇಡ. ತೊಳೆದದ್ದೆಂದರೆ ನಿಮ್ಮಿಂದ ಕೈ ತೊಳೆದುಕೊಂಡೆವು. ಒರೆಸಿದ್ದೆಂದರೆ ಒಂದು ಹನಿ ಋಣವನ್ನೂ ಉಳಿಸಿಲ್ಲ. ಹೆಂಡತಿ ಇನ್ನೂ ಮುಂದೆ ಹೋದಳು.

"ಬ್ಯಾರೆ ಹುಡುಗಿ ಸಿಕ್ಕಿರ್ತಾಳ್ರಿ. ಪುಣಾದಾಕಿ."

"ಪುಣಾ ಅಂತ ಹ್ಯಾಂಗ ಗೊತ್ತಾತು?"

"ಹಿಂಗ ಒರಸಿ ಕಳಿಸೂದು ಪುಣಾದವ್ರ ಪದ್ಧತಿ."

ಸ್ನೇಹಲ್ ತಲೆ ಚಚ್ಚಿಕೊಂಡು ಅರ್ಧ ಮರಾಠಿಯಲ್ಲಿ ಅಂದಳು. "ಪಪ್ಪಾ, ಫೋನ್ ಮಾಡಿ ಕೇಳ್ರಿ ನಾ! ಸಿಂಪಲ್ ಆಹೇ!"

ಏನೆಂದು ಕೇಳುವುದು? ನಮಸ್ಕಾರ, ನಮ್ಮ ಡಬ್ಬಿಯಲ್ಲಿ ಏನೂ ಹಾಕಲಿಲ್ಲವಲ್ಲ, ಎಂದೇ? ಹೆಣ್ಣಿನ ಕಡೆಯವರ ಮರ್ಯಾದೆಯ ಗತಿ?

ಸಂಜೆಯ ಹೊತ್ತಿಗೆ ಅವಳ ದನಿಯೂ ಇಳಿದಿತ್ತು. ಹುಡುಗನ ಗುಡ್ ಮಾರ್ನಿಂಗ್‌ಗಳು ನಿಂತಿದ್ದವು. ಇವಳಾಗಿಯೇ ಕೇಳಿದರೆ, ಹಿರಿಯರು ಹೇಳುತ್ತಾರೆ ಎಂದು ಉತ್ತರ.

"ಅಂವಾ ನನಗ ಪಸಂದ್ ಅದಾನ್ರಿ ಪಪ್ಪಾ," ಎಂದಳು. "ನೀವು ಸಿಟ್ಟಿಲೆ ಏನರೆ ಮಾತಾಡಬ್ಯಾಡ್ರಿ."

(ನನ್ನ ಮಗಳು ಕನ್ನಡ ಮಾತಾಡುತ್ತಾಳೆ, ಓದುವುದಿಲ್ಲ. ಆ ಧೈರ್ಯದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.)

ನಾನೇನು ಮಾಡಿದೆ? ಮಾನವಂತ ಅಪ್ಪ ಮಾಡುವುದನ್ನೇ. ಅವರು ಬೇಡ ಎನ್ನುವ ಮೊದಲು ನಾವೇ ಬೇಡ ಎಂದುಬಿಡುವುದು! ಮಗಳ ಮನಸ್ಸು ಮುರಿದರೂ ಸರಿ, ನನ್ನ ಮೂಗು ಮುರಿಯಬಾರದು. ಗುರುವಾರ ಹೊರಟೆ. ಅಂದು ಅರ್ಧ ಸೋಲಾಪುರ ಸ್ವಾಮಿಗಳ ದರ್ಶನಕ್ಕೆಂದು ಅಕ್ಕಲಕೋಟೆಯಲ್ಲೇ ಇರುತ್ತದೆ. ಯಾರಿಗೂ ಸಂಶಯ ಬರುವುದಿಲ್ಲ. ಎಸ್‌ಟಿ ಬಸ್ಸಿನಲ್ಲಿ ಕೂತು ವಾಕ್ಯ ತಯಾರಿಸಿದೆ: 'ಹುಡುಗಿ ಇನ್ನೂ ಓದಬೇಕು ಅಂತಾಳೆ.' ಅವಳ ಎಂ.ಕಾಂ. ಯಾವಾಗಲೋ ಮುಗಿದಿದೆ. ಇರಲಿ. ತೊಡೆಯ ಮೇಲೆ ಆ ಡಬ್ಬಿ. ಸಾಕ್ಷಿಗೆ.

ಹುಡುಗನ ತಂದೆ ಗುರುಸಿದ್ದಪ್ಪ ಬಾಗಿಲಲ್ಲೇ ಸಿಕ್ಕರು. ನಾನು ದಾರಿಯುದ್ದಕ್ಕೂ ಅಭ್ಯಾಸ ಮಾಡಿದ ಮುಖವೇ ಅವರ ಮುಖದ ಮೇಲೂ ಇತ್ತು.

"ನಮ್ಮ ಹುಡುಗಿ ಇನ್ನೂ..." ನಾನು ಶುರು ಮಾಡಿದೆ.

"ನಮ್ಮ ಹುಡುಗ ಇನ್ನೂ..." ಅವರೂ ಶುರು ಮಾಡಿದರು.

ಇಬ್ಬರೂ ನಿಂತೆವು. ಒಳಗಿನಿಂದ ಅವರ ಹೆಂಡತಿ ಸುಮಿತ್ರಾಬಾಯಿ ಬಂದವರೇ ನೇರ ಕೇಳಿದರು.

"ಬ್ಯಾಡಾಗಿತ್ತಂದ್ರ ಬಾಯಿಲೆ ಹೇಳಬೇಕಾಗಿತ್ತರಿ ಅಣ್ಣಾರ. ಖಾರಾ ಯಾಕ ಕಳಿಸಿದ್ರಿ?"

"ಖಾರಾ?"

"ಹೆಣ್ಣು ಕೊಡಾವ್ರು ಮೊದಲನೇ ಸಲ ಸಿಹಿ ಕಳಸ್ತಾರ. ನೀವು ಡಬ್ಬಿ ತುಂಬ ಶೇಂಗಾ ಚಟ್ನಿ ಕಳಿಸೀರಿ! ಕಣ್ಣಾಗ ನೀರ ಬರೂವಂಥಾದ್ದು! ನಮಗೇನು ತಿಳಿಯಂಗಿಲ್ಲೇನು? ಅದಕ್ಕ ತೊಳದು ಕಳಿಸಿದ್ವಿ."

ಶಿವನೇ.

ಹುಡುಗಿ ನೋಡಲು ಬಂದ ದಿನ ಹುಡುಗ ಆ ಚಟ್ನಿಯನ್ನು ಮತ್ತೆ ಮತ್ತೆ ಹಾಕಿಸಿಕೊಂಡಿದ್ದ. ಇವನಿಗೆ ಇದು ಬಹಳ ಇಷ್ಟ ಎಂದು ನನ್ನ ಮೆದುಳು ಅರ್ಥ ಮಾಡಿಕೊಂಡಿತ್ತು. ಹೋಳಿಗೆ ಕಳಿಸುತ್ತೇನೆ ಎಂದ ಹೆಂಡತಿಯನ್ನು ತಡೆದವನೂ ನಾನೇ. ಈ ಇಡೀ ಪ್ರಕರಣದಲ್ಲಿ ನಾನು ಸರಿಯಾಗಿ ಅರ್ಥ ಮಾಡಿಕೊಂಡದ್ದು ಅದೊಂದನ್ನೇ. ಅನಾಹುತವಾದದ್ದೂ ಅದರಿಂದಲೇ.

ಹೇಳಿದೆ. ಗುರುಸಿದ್ದಪ್ಪ ಒಳಬಾಗಿಲಲ್ಲಿ ನಿಂತಿದ್ದ ಮಗನ ಕಡೆ ತಿರುಗಿದರು. "ಖರೇನೇನೋ?"

"ಹೂಂ. ಆ ಚಟ್ನಿ ಪೂರಾ ನಾನ ತಿಂದೀನಿ," ಎಂದ ಹುಡುಗ, ಗೋಡೆಗೆ.

ಸುಮಿತ್ರಾಬಾಯಿ ಹಣೆ ಬಡಿದುಕೊಂಡರು. "ಅದಕ್ಕೇನ ಉಣ್ಣದ ಹೊಟ್ಟಿ ಹಿಡಕೊಂಡು ಮಲಗಿದ್ದಿ? ಆ ಹುಡುಗಿ ಸಲುವಾಗಿ ಅಂತ ತಿಳಕೊಂಡು ನಾ ಅತ್ತೀನಲ್ಲೋ!"

"ಎರಡೂ ಇತ್ತವ್ವಾ."

ಅಲ್ಲೇ ಒಳ್ಳೆಯ ದಿನ ನೋಡಿದರು. ಸ್ನೇಹಲ್‌ಗೆ ಫೋನ್ ಮಾಡಿದರೆ, "ಗೊತ್ತದ ಪಪ್ಪಾ, ಮೆಸೇಜ್ ಬಂತು," ಎಂದು ನಕ್ಕಳು. ಆ ನಗುವಿಗೆ ಅರ್ಥ ಹುಡುಕುವ ಕೆಲಸ ನನಗೂ ಬೀಳಲಿಲ್ಲ.

ಬಸ್ಸಿನಲ್ಲಿ ನಿರಾಳವಾಗಿ ಕೂತೆ. ತೊಡೆಯ ಮೇಲೆ ಡಬ್ಬಿ. ಈ ಸಲ ಕಂಠಮಟ್ಟ ಬೇಸನ್ ಉಂಡಿ. ತೆರೆದು ಒಂದು ಬಾಯಿಗೆ ಹಾಕಿಕೊಂಡೆ. ಮುಚ್ಚುವಾಗ ಗಮನಿಸಿದೆ.

ಡಬ್ಬಿ ನಮ್ಮದೇ. ಮುಚ್ಚಳ ಮಾತ್ರ ನಮ್ಮದಲ್ಲ. ಯಾಕಿರಬಹುದು?