ಹೊಟ್ಟೆಯೊಳಗಿನ ಫೇಶಿಯಲ್

ಗದಗ ಹೊಸ ಜಿಲ್ಲೆಯಾದಾಗ ನಾನು ಶಿರಹಟ್ಟಿಯಲ್ಲಿ ಹೈಸ್ಕೂಲಿಗೆ ಹೋಗುತ್ತಿದ್ದೆ. ಆ ವಯಸ್ಸಿನಲ್ಲಿ ನನ್ನ ಗೆಳತಿಯರ ಮುಖದ ಮೇಲೆಲ್ಲ ಮೊಡವೆ ಎದ್ದವು, ನನಗೆ ಮಾತ್ರ ಒಂದೂ ಏಳಲಿಲ್ಲ. ಅದು ನನ್ನದೇ ಸಾಧನೆ ಎಂದು ನಂಬಿದ್ದೆ. ಮುಂದೆ ಮದುವೆಯಾಗಿ ಬೆಟಗೇರಿಗೆ ಬಂದು ಬ್ಯೂಟಿ ಪಾರ್ಲರ್ ತೆರೆಯುವ ಧೈರ್ಯ ಬಂದದ್ದು ಆ ನಂಬಿಕೆಯಿಂದಲೇ.

ಮೊಡವೆಗಳು ನನ್ನನ್ನು ಮರೆತಿರಲಿಲ್ಲ, ತಡ ಮಾಡಿದ್ದವು ಅಷ್ಟೇ. ಮೂವತ್ತೈದರ ಹತ್ತಿರ ಬಂದಾಗ ಒಂದು ಬೇಸಿಗೆಯಲ್ಲಿ ಕೆನ್ನೆಯ ಕೆಳಗೆ, ಗದ್ದದ ಸುತ್ತ, ಕೆಂಪಗೆ ಗಟ್ಟಿಗೆ ಎದ್ದು ಕೂತವು. ಪಾರ್ಲರಿನ ಗಾಜಿನ ಬಾಗಿಲ ಮೇಲೆ ನುಣ್ಣನೆ ಮುಖದ ಹೆಣ್ಣಿನ ಚಿತ್ರವೊಂದಿತ್ತು. ಬಂದವರು ಅದನ್ನು ನೋಡಿ ಬಾಗಿಲು ತೆಗೆಯುತ್ತಿದ್ದರು, ಒಳಗೆ ನನ್ನನ್ನು ನೋಡಿ ನಿಲ್ಲುತ್ತಿದ್ದರು. "ಬರೇ ಐಬ್ರೋ ಮಾಡ್ರಿ ಅಕ್ಕಾರ, ಫೇಶಿಯಲ್ ಆಮ್ಯಾಲ ನೋಡೋಣು," ಅನ್ನುವವರು ಹೆಚ್ಚಾದರು.

ಇದ್ದ ಕ್ರೀಮುಗಳನ್ನೆಲ್ಲ ಹಚ್ಚಿ ನೋಡಿದೆ. ಮೊಡವೆ ಹೊಳೆಯತೊಡಗಿದವೇ ಹೊರತು ಇಳಿಯಲಿಲ್ಲ. ಆಗ ಫೋನಿನಲ್ಲಿ ಒಂದು ವಿಡಿಯೋ ಕಣ್ಣಿಗೆ ಬಿತ್ತು. ಚರ್ಮದ ಆರೋಗ್ಯ ಇರುವುದು ಕರುಳಿನಲ್ಲಿ, ಹೊಟ್ಟೆ ಸ್ವಚ್ಛವಾದರೆ ಮುಖ ತಾನೇ ಬೆಳಗುತ್ತದೆ ಎಂದು ಒಬ್ಬಳು ಹೇಳುತ್ತಿದ್ದಳು. ಅವಳ ಮುಖ ಬೆಳಗುತ್ತಲೂ ಇತ್ತು. ಅದು ಎಷ್ಟು ಮೇಕಪ್ಪಿನ ಬೆಳಕು ಎಂದು ಬೇರೆ ಯಾರಿಗಲ್ಲದಿದ್ದರೂ ನನಗೆ ಗೊತ್ತಾಗಬೇಕಿತ್ತು. ನನ್ನ ಹೊಟ್ಟೆಪಾಡೇ ಅದು.

ಅಲ್ಲಿಂದ ಶುರುವಾಯಿತು. ಹೊಟ್ಟೆಗೆ ಒಳ್ಳೆಯ ಕ್ರಿಮಿಗಳನ್ನು ಬಿಡುವ ಕ್ಯಾಪ್ಸೂಲು, ಆ ಕ್ರಿಮಿಗಳಿಗೆ ಉಣ್ಣಲು ನಾರಿನ ಪುಡಿ, ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ, ಬಿ-ಟ್ವೆಲ್ವ್ ಗುಳಿಗೆ, ಜೊತೆಗೆ ಒಮೇಗಾ ಎನ್ನುವ ಹಳದಿ ಗುಳಿಗೆ. ಅಡುಗೆಮನೆಯಲ್ಲಿ ಮಸಾಲೆ ಡಬ್ಬಿಗಳು ಒತ್ತಿಕೊಂಡು ನಿಂತು ಇವಕ್ಕೆ ಜಾಗ ಬಿಟ್ಟವು. ಅನ್ನ ಉಣ್ಣಲು ಪುರುಸೊತ್ತಿಲ್ಲದ ಲಗ್ನದ ಸೀಜನ್ನಿನಲ್ಲೂ ಗುಳಿಗೆ ತಪ್ಪಿಸಲಿಲ್ಲ. ಮಧ್ಯಾಹ್ನ ಎದುರಿನ ಅಂಗಡಿಯ ಮಿರ್ಚಿ ಭಜಿ, ಚಹಾ, ಅದರ ಮೇಲೆ ಕರುಳಿನ ಆರೋಗ್ಯ.

ನಮ್ಮ ಅತ್ತೆ ಜೀವಮಾನದಲ್ಲಿ ತತ್ತಿಯನ್ನೂ ಮುಟ್ಟಿದವರಲ್ಲ. ಒಂದು ಸಂಜೆ ನಾನು ಮನೆಗೆ ಬಂದಾಗ ಕಟ್ಟೆಯ ಮೇಲೆ ಕೂತು ಬಾಯಿ ಚಪ್ಪರಿಸುತ್ತಿದ್ದರು.

"ಮೊಣಕಾಲು ಭಾಳ ಹಿಡದಿತ್ತು. ನಿನ್ನ ಹಳದಿ ಗುಳಿಗಿ ಒಂದು ತಗೊಂಡೆ," ಅಂದರು. "ನನಗ ನುಂಗಾಕ ಬರಂಗಿಲ್ಲಲ್ಲ, ಕಡದು ತಿಂದೆ. ಒಳಗ ಎಣ್ಣಿ ಐತಿ. ಏನೋ ಒಂಥರಾ ವಾಸನಿ."

ಅಷ್ಟರಲ್ಲಿ ಮುಂಡರಗಿಯ ನೌಕರಿಯಿಂದ ನನ್ನ ಗಂಡ ಬಂದರು. ಅತ್ತೆ ಬಾಟಲಿಯನ್ನು ಮಗನ ಕೈಗೆ ಕೊಟ್ಟರು. "ಯಾವ ಎಣ್ಣಿ ಅಂತ ಓದಪಾ."

ಅವರು ಬಾಟಲಿ ತಿರುಗಿಸಿ ಸಣ್ಣ ಅಕ್ಷರ ಓದಿದರು. ಮುಖ ಸ್ವಲ್ಪ ಬಿಳಿಚಿತು. ನನಗೆ ಬಾಟಲಿ ತೋರಿಸಿ ಬೆರಳಿಟ್ಟರು. ಮೀನಿನ ಎಣ್ಣೆ. ತಿಂಗಳಿಂದ ನುಂಗುತ್ತಿದ್ದ ನಾನು ಅದನ್ನು ಓದಿಯೇ ಇರಲಿಲ್ಲ. ಒಮೇಗಾ ಅಂದರೆ ಯಾವುದೋ ದೂರದೇಶದ ಹಣ್ಣು ಎಂದುಕೊಂಡಿದ್ದೆ.

"ಯಾವುದೋ?" ಅಂದರು ಅತ್ತೆ.

"ಕುಸುಬಿ ಎಣ್ಣಿ ಇದ್ದಂಗೈತಿ," ಅಂದರು ನನ್ನ ಗಂಡ.

"ಹಳೇ ಕುಸುಬಿ ಇರಬೇಕು," ಎಂದು ಅತ್ತೆ ಬಾಯಿ ಮುಕ್ಕಳಿಸಿ ಬಂದರು. ಮರುದಿನ ಬಾಟಲಿ ಗಂಡನ ಚೀಲದಲ್ಲಿ ಕೂತು ಮುಂಡರಗಿಗೆ ಹೋಯಿತು, ಅವರ ಜೊತೆಗೆ ಕೆಲಸ ಮಾಡುವ ಮೀನು ತಿನ್ನುವವರೊಬ್ಬರ ಪಾಲಾಯಿತು. ಅತ್ತೆ ಮಾತ್ರ ಒಂದು ವಾರ ನನ್ನ ಬೆನ್ನು ಬಿಡಲಿಲ್ಲ. "ಆ ಕುಸುಬಿ ಗುಳಿಗಿ ಇನ್ನೊಂದು ಕೊಡ. ಕಾಲು ಹಗುರ ಆಗಿತ್ತು ನೋಡು."

ಇಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಲಕ್ಷ್ಮೇಶ್ವರದಲ್ಲಿ ಒಂದು ದೊಡ್ಡ ಲಗ್ನ ಒಪ್ಪಿಕೊಂಡಿದ್ದೆ. ಬಟ್ಟೆ ವ್ಯಾಪಾರದ ಮುಸ್ಲಿಂ ಕುಟುಂಬ, ಮದುಮಗಳು ನನ್ನ ಹಳೆಯ ಗಿರಾಕಿ. ಅಷ್ಟು ಜನರ ನಡುವೆ ಈ ಮುಖ ಹೊತ್ತು ಹೋಗುವುದು ಹೇಗೆ ಎಂದು ಹಿಂದಿನ ದಿನದಿಂದ ನಾರಿನ ಪುಡಿಯನ್ನೂ ಒಳ್ಳೆಯ ಕ್ರಿಮಿಗಳನ್ನೂ ದುಪ್ಪಟ್ಟು ಮಾಡಿದೆ. ಬೆಳಿಗ್ಗೆ ಪ್ರೋಟೀನ್ ಪುಡಿ ಕಲಸಿದ ಹಾಲು ಕುಡಿದು ಬಸ್ಸು ಹತ್ತಿದೆ.

ಶಿಗ್ಲಿಯ ಕಡೆಯ ಬೀಗರು ಬರುವ ಹೊತ್ತಾಗಿತ್ತು. ಮಹಡಿಯ ಕೋಣೆಯಲ್ಲಿ ಮದುಮಗಳನ್ನು ಕೂರಿಸಿ ಮುಖಕ್ಕೆ ಫೌಂಡೇಶನ್ ಹಚ್ಚಿ, ಒಂದು ಕಣ್ಣಿಗೆ ಬಣ್ಣ ತುಂಬಿ ಮುಗಿಸಿದ್ದೆ. ಆಗ ನನ್ನ ಹೊಟ್ಟೆಯಲ್ಲಿ ಖಾಲಿ ಕೊಡ ಮೆಟ್ಟಿಲ ಮೇಲಿಂದ ಉರುಳಿದಂಥ ಸದ್ದಾಯಿತು.

"ಏನಾತ್ರಿ ಅಕ್ಕಾರ?" ಅಂದಳು ಹುಡುಗಿ.

"ಏನಿಲ್ಲವಾ, ಕಣ್ಣು ಮುಚ್ಚು," ಅಂದೆ. ಅವಳು ಮುಚ್ಚಿದಳು. ನಾನು ಕೆಳಗೆ ಓಡಿದೆ.

ಬಂದು ಬ್ರಷ್ ಹಿಡಿದೆ, ಮತ್ತೆ ಓಡಿದೆ. ಮನೆ ತುಂಬ ನೆಂಟರು, ಇದ್ದದ್ದು ಒಂದೇ ಬಾತ್‌ರೂಮು, ಅದರ ಮುಂದೆ ಮಕ್ಕಳನ್ನು ಹಿಡಿದ ಹೆಂಗಸರ ಸಾಲು. "ಮದುಮಗಳ ಮೇಕಪ್ಪಿಂದು, ಜಲ್ದಿ ಐತ್ರಿ," ಎಂದು ದಾರಿ ಮಾಡಿಕೊಳ್ಳುತ್ತಿದ್ದೆ. ಮೇಕಪ್ಪಿಗೂ ಆ ಬಾಗಿಲಿಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ, ಅದು ಅವರ ದೊಡ್ಡತನ. ಮೇಲೆ ಮದುಮಗಳು ಒಂದು ಕಣ್ಣಿಗೆ ನವಿಲು ಬಣ್ಣ, ಇನ್ನೊಂದು ಬೋಳು, ಹಾಗೇ ಕೂತಿದ್ದಳು.

ಕೊನೆಗೆ ಅವಳ ಅಜ್ಜಿ ಮೆಟ್ಟಿಲ ಹತ್ತಿರ ನನ್ನ ಕೈ ಹಿಡಿದು ಕೂರಿಸಿದರು. "ಏನು ತಿಂದೀ ಬೇಟಿ?"

ನಾನು ಹೇಳಿದೆ. ಗುಳಿಗೆ, ಪುಡಿ, ಒಳ್ಳೆಯ ಕ್ರಿಮಿ, ಅವಕ್ಕೆ ಊಟ, ಎಲ್ಲ.

ಅಜ್ಜಿ ಅಂದರು, "ಹುಳಕ್ಕ ಊಟ ಹಾಕೀ. ನೀ ಏನು ಉಂಡಿ?"

ಅವರು ಉಪ್ಪು ಸಕ್ಕರೆ ಹಾಕಿದ ನೀರು ಕುಡಿಸಿದರು, ಆಮೇಲೆ ಮೆತ್ತಗಿನ ಅನ್ನಕ್ಕೆ ಮಜ್ಜಿಗೆ ಹಾಕಿ ಕೊಟ್ಟರು. ಮೇಲಿನಿಂದ ಮದುಮಗಳು, "ನಾನಿ, ನಾ ಹಿಂಗ ನಿಕಾಹಕ್ಕ ಹೋಗ್ಲೇನು?" ಎಂದು ಕೇಳಿದಳು. "ಕುಂಡ್ರ, ಮದ್ಲ ಆಕಿ ಉಣ್ಣಲಿ," ಅಂದರು ಅಜ್ಜಿ.

ಎರಡನೇ ಕಣ್ಣನ್ನು ಅವಸರದಲ್ಲಿ ಮುಗಿಸಿದೆ. ಎರಡೂ ಕಣ್ಣು ಒಂದೇ ಥರ ಇರಲಿಲ್ಲ. ಸೆರಗು ಮುಖದ ಮೇಲೆ ಇಳಿದದ್ದರಿಂದ ನನ್ನ ಮಾನ ಉಳಿಯಿತು. ಬೀಗರ ಕಡೆಯ ಒಬ್ಬಾಕೆ ಬಂದು ನನ್ನ ಫೋನ್ ನಂಬರು ಕೂಡ ಕೇಳಿದಳು. ಕೊಡುವಾಗ ಗದ್ದ ಮುಚ್ಚಿಕೊಂಡಿದ್ದೆ.

ಮುಂದಿನ ವಾರ ಗದಗದಲ್ಲಿ ಚರ್ಮದ ಡಾಕ್ಟರ ಹತ್ತಿರ ಹೋದೆ. ನನ್ನ ವಯಸ್ಸಿನ ಹೆಣ್ಣುಮಗಳು. ತಗೊಳ್ಳುವುದೆಲ್ಲ ತೋರಿಸಿ ಅಂದದ್ದಕ್ಕೆ ಎಲ್ಲ ತುಂಬಿ ತಂದಿದ್ದ ಸಂತೆ ಚೀಲ ಬರಿದು ಮಾಡಿದೆ. ಮೇಜಿನ ಮೇಲೆ ಅವರು ಬರೆಯಲು ಜಾಗ ಉಳಿಯಲಿಲ್ಲ.

"ಹೊಟ್ಟಿಗೂ ಚರ್ಮಕ್ಕೂ ಸಂಬಂಧ ಇಲ್ಲ ಅಂತ ನಾ ಅನ್ನಂಗಿಲ್ಲ," ಅಂದರು. "ಕೆಲವರಿಗೆ ಇಂಥಾ ಕ್ಯಾಪ್ಸೂಲ್ ಉಪಯೋಗ ಆಗಬಹುದು. ಆದ್ರ ಈ ಪ್ರೋಟೀನ್ ಪುಡಿ, ಈ ಬಿ-ಟ್ವೆಲ್ವ್, ಇವು ಕೆಲವರಿಗೆ ಮೊಡವಿ ಜಾಸ್ತಿ ಮಾಡತಾವ. ನಿಮಗ ಬಿ-ಟ್ವೆಲ್ವ್ ಕಡಿಮಿ ಐತಿ ಅಂತ ಯಾರು ಹೇಳಿದ್ರು?"

"ಯಾರೂ ಇಲ್ರಿ. ವಿಡಿಯೋದಾಗ."

"ಎಲ್ಲಾ ಬಿಡ್ರಿ ಸದ್ಯಕ್ಕ. ರಕ್ತ ತಪಾಸಣಿ ಮಾಡಿಸೋಣು. ಕಡಿಮಿ ಇದ್ರ ಆಮ್ಯಾಲ ಕೊಡತೀನಿ."

ರಕ್ತದಲ್ಲಿ ಏನೂ ಕಡಿಮೆ ಇರಲಿಲ್ಲ. ಅವರು ರಾತ್ರಿ ಹಚ್ಚಲು ಒಂದು ಮುಲಾಮು ಬರೆದುಕೊಟ್ಟರು, ಹೊತ್ತಿಗೆ ಸರಿಯಾಗಿ ಉಣ್ಣಲು ಹೇಳಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಮೊಡವೆ ಇಳಿದವು. ಗುಳಿಗೆ ಬಿಟ್ಟದ್ದಕ್ಕೋ, ಮುಲಾಮಿಗೋ, ರೊಟ್ಟಿ ಮೊಸರಿಗೋ, ಲಗ್ನದ ಸೀಜನ್ ಮುಗಿದು ನಿದ್ದೆ ಬಂದದ್ದಕ್ಕೋ, ನನಗೆ ಇವತ್ತಿಗೂ ಗೊತ್ತಿಲ್ಲ. ಡಾಕ್ಟರು ಮುಲಾಮು ಅನ್ನುತ್ತಾರೆ. ಗದ್ದದ ಮೇಲೆ ಒಂದೆರಡು ಕಲೆ ಉಳಿದಿವೆ.

ಈಗ ಗಿರಾಕಿಗಳು, "ಅಕ್ಕಾರ, ನಿಮ್ಮ ಮಾರಿ ಚಂದ ಆಗೇತಿ, ಏನು ತಗೊಂಡ್ರಿ?" ಎಂದು ಕೇಳುತ್ತಾರೆ. "ಏನೂ ತಗೊಂಡಿಲ್ಲ, ತಗೊಳ್ಳೋದು ಬಿಟ್ಟೆ," ಅಂದರೆ ಗುಟ್ಟು ಬಚ್ಚಿಡುತ್ತಿದ್ದೇನೆ ಎಂದು ಮುನಿಸಿಕೊಳ್ಳುತ್ತಾರೆ. ಮಧ್ಯಾಹ್ನ ಶಟರ್ ಅರ್ಧ ಇಳಿಸಿ ಡಬ್ಬಿ ಬಿಚ್ಚಿ ಕೂತಾಗ ಕೆಲವರು ಬಗ್ಗಿ ಒಳಗೆ ಇಣುಕುತ್ತಾರೆ. ನಾನು ಏನು ತಿನ್ನುತ್ತಿದ್ದೇನೆ ಎಂದು ನೋಡಲಿಕ್ಕೆ.

"ಬರ್ರಿ, ಉಣ್ಣಬರ್ರಿ," ಅನ್ನುತ್ತೇನೆ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ಕಂಡು ಅವರು ನಿರಾಶೆಯಿಂದ, "ಇಲ್ರಿ, ಆಮ್ಯಾಲ ಬರತೀವಿ," ಎಂದು ಹೋಗಿಬಿಡುತ್ತಾರೆ.