ನಿಮ್ಮಪ್ಪ ಹೊರಗೆ ಬಂದ ದಿನ

ಅಕ್ಕವ್ವಾ, ಪುಟ್ಟಪ್ಪಾ, ಮನೆಯಲ್ಲಿ ಕರೆಯುವ ಹೆಸರಿನಿಂದಲೇ ನಿಮ್ಮನ್ನು ಕರೆದಿದ್ದೇನೆ. ಬೇರೆ ಯಾರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ನಿಮ್ಮಪ್ಪ ಜೈಲಿನಲ್ಲಿದ್ದ ಸಂಗತಿಯನ್ನು ಊರಿನವರು ಒಂದಲ್ಲ ಒಂದು ದಿನ ನಿಮಗೆ ಹೇಳುತ್ತಾರೆ. ಅದಕ್ಕೆ ಮೊದಲು ಅಜ್ಜಿಯಾದ ನೀನೇ ಹೇಳು ಎಂದು ನಿಮ್ಮಪ್ಪನೇ ನನಗೆ ಅಂದ. ಎದುರು ಕೂತು ಹೇಳಲು ನನ್ನಿಂದಾಗದು. ನನ್ನ ತವರೂರು ಐರಣಿಯ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಹಾವೇರಿ ಜಿಲ್ಲೆಯಾಗಿ ಆಗಿನ್ನೂ ಬಹಳ ವರ್ಷವಾಗಿರಲಿಲ್ಲ. ಅಕ್ಕವ್ವ ತೊದಲು ಮಾತಾಡುತ್ತಿದ್ದಳು, ಪುಟ್ಟಪ್ಪ ಹುಟ್ಟಿರಲಿಲ್ಲ. ನಿಮ್ಮಜ್ಜ ತೀರಿಕೊಂಡ ಮೇಲೆ ನಾವು ರಾಣೆಬೆನ್ನೂರಿನಲ್ಲಿ ಬಾಡಿಗೆ ಮನೆ ಮಾಡಿದ್ದೆವು. ಸುಗ್ಗಿಯ ದಿನಗಳಲ್ಲಿ ನಾನು ಓಣಿಯ ಹೆಂಗಸರ ಜೊತೆ ರೈಲಿನಲ್ಲಿ ಬ್ಯಾಡಗಿಗೆ ಹೋಗಿ ಒಣ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದೆ. ನಿಮ್ಮಪ್ಪ ಅಲ್ಲಿಯೇ ಚೀಲ ಹೊರುವ ಹಮಾಲಿ ಮಾಡುತ್ತಿದ್ದ. ಕೆಟ್ಟ ಸಂಗಕ್ಕೆ ಬಿದ್ದು ಒಬ್ಬ ವ್ಯಾಪಾರಿಯ ಗೋದಾಮಿನಿಂದ ಮೆಣಸಿನಕಾಯಿ ಚೀಲ ಕದ್ದು ಸಿಕ್ಕಿಬಿದ್ದ. ಕದ್ದದ್ದು ನಿಜ. ಶಿಕ್ಷೆಯಾಗಿ ಅವನು ಹಾವೇರಿ ಜೈಲಿಗೆ ಹೋದ. ಸಂಗದವರಲ್ಲಿ ಇಬ್ಬರ ಮೇಲೆ ಸಾಕ್ಷಿ ಸಿಗದೆ ಅವರು ಹೊರಗೇ ಉಳಿದರು. ನಿಮ್ಮವ್ವ ಕೂಸನ್ನು ಎತ್ತಿಕೊಂಡು ತವರಿಗೆ ಹೋದಳು.

ನಾನು ಅಲ್ಲಿಯವರೆಗೆ ಪೊಲೀಸ್ ಠಾಣೆಯ ಮೆಟ್ಟಿಲನ್ನೂ ಕಂಡವಳಲ್ಲ. ಆದರೂ ಮಗನನ್ನು ನೋಡಬೇಕೆಂದು ರೊಟ್ಟಿ ಬಡಿದು, ಮೆಣಸಿನಕಾಯಿ ಹುರಿದು, ಬೆಳ್ಳುಳ್ಳಿ ಹಾಕಿ ಖಾರ ಕುಟ್ಟಿಕೊಂಡು ಹೋದೆ. ನಮ್ಮ ಕಡೆ ಯಾರನ್ನು ನೋಡಲು ಹೋದರೂ ರೊಟ್ಟಿಯ ಜೊತೆ ಖಾರ ಕಟ್ಟಿಕೊಂಡು ಹೋಗುವುದು ರೂಢಿ. ಜೈಲಿಗೆ ಬೇರೆ ರೂಢಿ ಇರುತ್ತದೆಂದು ನನಗೆ ಹೊಳೆಯಲಿಲ್ಲ.

ಗೇಟಿನ ಪೊಲೀಸಪ್ಪ ಮಗನ ಹೆಸರು ಬರೆದುಕೊಂಡು, ಡಬ್ಬಿಯ ಮುಚ್ಚಳ ತೆರೆದವನು ಗಕ್ಕನೆ ಹಿಂದೆ ಸರಿದ.

"ಏನಬೇ ಇದು?"

"ಖಾರಪುಡಿರಿ. ಮಗಗ ತಂದೇನ್ರಿ."

"ಮಗನ ಬಾಯಿಗೋ, ನಮ್ಮ ಕಣ್ಣಿಗೋ? ಇದನ್ನ ಪೊಲೀಸರ ಮಾರಿಗೆ ಒಗದು ಓಡಿ ಹೋದೋರು ಅದಾರ, ಗೊತ್ತೈತೇನು? ಯಾರು ಕೊಟ್ಟು ಕಳಿಸ್ಯಾರ ನಿನಗ?"

"ಯಾರೂ ಇಲ್ರಿ. ನಾನ ಕುಟ್ಟೇನ್ರಿ."

"ಕುಂದ್ರು ಅಲ್ಲೇ. ಸಾಹೇಬ್ರು ಬರ್ಲಿ."

ಇನ್ನು ನನ್ನನ್ನೂ ಒಳಗೆ ಹಾಕುತ್ತಾರೆ ಎಂದುಕೊಂಡೆ. ಅವನು ಯಾವುದೋ ಗಾಡಿಗೆ ಗೇಟು ತೆರೆಯಲು ಆಚೆ ತಿರುಗಿದಾಗ ಡಬ್ಬಿ, ರೊಟ್ಟಿ ಎಲ್ಲ ಅಲ್ಲೇ ಬಿಟ್ಟು ಸೆರಗು ಬಿಗಿಹಿಡಿದು ಓಡಿದೆ. ರೈಲು ಸ್ಟೇಷನ್ ಮುಟ್ಟುವವರೆಗೆ ಹಿಂದೆ ನೋಡಲಿಲ್ಲ.

ಮುಂದೆ ಎಷ್ಟೋ ವಾರ ಖಾಕಿ ಬಟ್ಟೆ ಕಂಡರೆ ಸಾಕು, ಸಂದಿಯಲ್ಲಿ ಅಡಗುತ್ತಿದ್ದೆ. ಹಾವೇರಿಯ ಮಾತೇ ಎತ್ತಲಿಲ್ಲ. ನನ್ನ ಪಕ್ಕ ಕೂತು ತೊಟ್ಟು ಬಿಡಿಸುತ್ತಿದ್ದ ಹಿರಿಯಾಕೆಯೊಬ್ಬಳಿದ್ದಳು, ಮುಸಲ್ಮಾನರ ಮನೆಯವಳು. ನಾನು ಅವಳಿಗೆ ಚಾಚಿ ಅನ್ನುತ್ತಿದ್ದೆ. ಒಂದು ದಿನ ಅವಳೇ ಕೇಳಿದಳು.

"ಮಗನ್ನ ನೋಡಾಕ ಹೋಗವಲ್ಲಿ ಯಾಕ?"

"ನನ್ನೂ ಹಿಡೀತಾರ ಚಾಚಿ."

"ನಿನ್ನ ಹಿಡದು ಏನು ಮಾಡ್ತಾರವ್ವ? ನಿನ್ನ ಸೀರೀ ಘಾಟಿಗೆ ಜೈಲಿನ ಮಂದಿಯೆಲ್ಲಾ ಸೀನಿ ಸೀನಿ ಸಾಯ್ಲಿ ಅಂತೇನು?" ಎಂದು ನಕ್ಕಳು. ಆಮೇಲೆ ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು. "ನನ್ನ ತಮ್ಮ ಒಳಗಿದ್ದಾಗ ನಮ್ಮ ಮನೀಂದ ಒಬ್ರೂ ಹೋಗಲಿಲ್ಲ. ಮರ್ಯಾದಿ ಹೋಗತೈತಿ ಅಂದ್ರು ನಮ್ಮ ಅಬ್ಬಾ. ಬಿಟ್ಟ ದಿನ ಗೇಟಿನಾಗ ಅವನ ಹಳೇ ದೋಸ್ತರಷ್ಟ ನಿಂತಿದ್ರು. ಅವರ ಕೂಡ ಹೋದ. ಮತ್ತ ಒಳಗ ಹೋದ. ಈಗ ಎಲ್ಲಿ ಅದಾನೋ ಗೊತ್ತಿಲ್ಲ."

ಆ ಮಾತು ನನಗೆ ಪೊಲೀಸಪ್ಪನಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಮತ್ತೊಂದು ಬೆಳಿಗ್ಗೆ ಬ್ಯಾಡಗಿಯಲ್ಲಿ ಹೆಂಗಸರೆಲ್ಲ ಇಳಿದರೂ ನಾನು ರೈಲಿನಲ್ಲಿ ಕೂತೇ ಇದ್ದೆ. "ಏ, ಇಳಿಯೇ! ನಿದ್ದಿ ಹತ್ತೇತೇನು?" ಎಂದು ಒಬ್ಬಳು ಕೂಗಿದಳು. ಚಾಚಿ ಪ್ಲಾಟ್‌ಫಾರ್ಮಿನಿಂದಲೇ, "ಆಕಿ ಮಗನ್ನ ನೋಡಾಕ ಹಾವೇರಿಗೆ ಹೊಂಟಾಳ. ಬಿಡ್ರಿ ಆಕೀನ" ಅಂದುಬಿಟ್ಟಳು. ಎಲ್ಲರೂ ಕಿಟಕಿಯ ಕಡೆ ತಿರುಗಿದರು. ರೈಲು ಹೊರಡುವವರೆಗೆ ನಾನು ತಲೆ ಎತ್ತಲಿಲ್ಲ.

ಗೇಟಿನಲ್ಲಿ ಅದೇ ಪೊಲೀಸಪ್ಪ. "ಬಂದ್ಯಾ ಖಾರದವ್ವ? ಎಷ್ಟು ಜೋರ ಓಡ್ತೀಬೇ ನೀ! ರೊಟ್ಟಿ ಮಗಗ ಮುಟ್ಟಿಸೇವಿ. ಖಾರ ಒಂದು ತರಬ್ಯಾಡ" ಎಂದ. ನಾನು ತಲೆಯಾಡಿಸಿದೆ.

ಜಾಳಿಗೆಯ ಆಚೆ ನಿಮ್ಮಪ್ಪ ಬಂದು ನಿಂತ. ನನ್ನ ಮುಖ ನೋಡಲಿಲ್ಲ.

"ಗೇಟಿನ ತನಕ ಬಂದು ನನ್ನ ನೋಡದ ಹೋದೆಲ್ಲ."

"ಹೆದರಿದ್ನೋ ಯಪ್ಪಾ."

"ಯಾರಿಗೆ? ನನಗೋ?"

"ಎಲ್ಲಾರಿಗೂ."

"ಅವ್ರು ಹೆದರೂದಿಲ್ಲ ನೋಡು. ಆಗಲೇ ಎರಡು ಸಲ ಬಂದು ಹೋಗ್ಯಾರ. ಬಿಟ್ಟ ದಿನ ಗಾಡಿ ತಗೊಂಡು ಬರ್ತಾರಂತ" ಎಂದ. ಯಾರೆಂದು ನಾನು ಕೇಳಬೇಕಾಗಿರಲಿಲ್ಲ, ಸಾಕ್ಷಿಯಿಲ್ಲದೆ ಹೊರಗುಳಿದ ಆ ಇಬ್ಬರು. ಭೇಟಿ ಮುಗಿಯಿತೆಂದು ಒಳಗಿನಿಂದ ಕೂಗಿದರು. ಆಗ ಅವನು ತಿರುಗಿ, "ಕೂಸು ಹೆಂಗೈತಿ?" ಎಂದ.

ಆ ಒಂದು ಪ್ರಶ್ನೆಯನ್ನು ಹಿಡಿದುಕೊಂಡು ನಾನು ನಿಮ್ಮವ್ವನ ತವರಿಗೆ ಹೋದೆ. ಅವಳ ಅಪ್ಪ ಕಟ್ಟೆಯ ಮೇಲಿಂದಲೇ ಗದರಿದರು: "ಎದಿ ಹಾಲು ಬಿಡೂದ್ರಾಗ ಕೂಸಿಗೆ ಜೈಲು ತೋರಸ್ತೀರೇನ್ರಿ ಬೀಗತೇರ?" ಬಾಗಿಲಲ್ಲಿ ನಿಂತಿದ್ದ ನಿಮ್ಮವ್ವ, "ಕೂಸಿಗೆ ಅಪ್ಪನ್ನ ತೋರಸ್ತೀನಿ. ನಡೀರಿ ಅತ್ತಿ" ಎಂದಳು. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಆಮೇಲೆ ನಾವು ಭೇಟಿಯ ದಿನ ತಪ್ಪಿಸಲಿಲ್ಲ. ದೊಡ್ಡ ಮಾತೇನೂ ಆಡುತ್ತಿರಲಿಲ್ಲ. ಮನೆಯ ಮಣ್ಣಿನ ಮಾಳಿಗೆ ಸೋರಿದ್ದು, ಅಕ್ಕವ್ವನಿಗೆ ಜ್ವರ ಬಂದದ್ದು, ಬೀಜದ ಕಂಪನಿಯ ಗೋದಾಮಿನಲ್ಲಿ ಆಳು ಬೇಕಂತೆ ಎನ್ನುವುದು, ಇಷ್ಟೇ. ಅವನು ಜಾಳಿಗೆಗೆ ಹಣೆ ಒತ್ತಿ ಎಲ್ಲ ಕೇಳುತ್ತಿದ್ದ. ಮುಂದಿನ ಸಲ ನಾವು ಹೋದಾಗ, ಮಾಳಿಗೆಗೆ ಮಣ್ಣು ಹಾಕಿಸಿದಿರಾ ಎಂದು ಅವನೇ ಮೊದಲು ಕೇಳುತ್ತಿದ್ದ.

ಬಿಡುಗಡೆಯ ದಿನ ನಾವು ಮುಟ್ಟುವ ಮೊದಲೇ ಆ ಇಬ್ಬರು ಜೀಪು ನಿಲ್ಲಿಸಿಕೊಂಡು ಬೀಡಿ ಸೇದುತ್ತಿದ್ದರು. ಒಬ್ಬ ಕೈ ಮುಗಿದ. "ಯಾಕ ತ್ರಾಸ ತಗೊಂಡ್ರಿ ಅವ್ವಾರ? ನಾವ ಮನೀಗೆ ಬಿಡ್ತಿದ್ವಿ." ಆ ನಯವಾದ ಮಾತಿಗೇ ನಾನು ನಿಮ್ಮವ್ವನ ಪಕ್ಕಕ್ಕೆ ಸರಿದೆ.

ನಿಮ್ಮಪ್ಪ ಕೈಚೀಲ ಹಿಡಿದು ಹೊರಗೆ ಬಂದ. ನಮ್ಮನ್ನು ನೋಡಿದ, ಅವರನ್ನೂ ನೋಡಿದ. ನೋಡಿ, ಅವರ ಕಡೆಗೆ ನಡೆದ. ನಿಮ್ಮವ್ವ ನನ್ನ ರಟ್ಟೆ ಹಿಡಿದಳು. ಅವರು ಅವನ ಹೆಗಲ ಮೇಲೆ ಕೈ ಹಾಕಿ ನಗುತ್ತಿದ್ದರು, ಒಬ್ಬ ಜೀಪಿನ ಬಾಗಿಲನ್ನೂ ತೆಗೆದ. ಇನ್ನು ಹೋದನೆಂದು ನಾನು ಕಣ್ಣು ಮುಚ್ಚಿದೆ.

"ನಡೀರಿ, ರೈಲು ತಪ್ಪತೈತಿ." ಕಣ್ಣು ತೆರೆದರೆ ಎದುರಿಗಿದ್ದ. ಅಕ್ಕವ್ವ ಅವನ ತೋಳಿನಲ್ಲಿದ್ದಳು.

"ಏನಂದಿ ಅವರಿಗೆ?"

"ಮನ್ಯಾಗಿನ ಮಂದಿ ಬಂದಾರ ಅಂದೆ."

ಜೀಪು ನಮ್ಮ ಹಿಂದೆಯೇ ನಿಧಾನವಾಗಿ ಸ್ಟೇಷನ್ನಿನವರೆಗೂ ಬಂತು. ಮುಂದೆಯೂ ಅವರು ಮನೆಯ ತನಕ ಬಂದರು. ನಿಮ್ಮಪ್ಪ ಹೊಸ್ತಿಲ ಮೇಲೆ ನಿಂತು ಮಾತಾಡಿ ಕಳಿಸುತ್ತಿದ್ದ. ನಾನು ಒಳಗೆ ಬಾಗಿಲ ಹಿಂದೆ ನಿಂತಿರುತ್ತಿದ್ದೆ. ಬರಬರುತ್ತ ಅವರು ಬರುವುದನ್ನು ಬಿಟ್ಟರು. ನನ್ನ ಹೆದರಿಕೆಯೂ ಬಿಟ್ಟಿತೆಂದು ಬರೆದರೆ ಸುಳ್ಳಾಗುತ್ತದೆ. ಬೀಜದ ಕಂಪನಿಯ ಗೋದಾಮಿನ ಕೆಲಸದಿಂದ ಬರುವುದು ಅವನಿಗೆ ಸ್ವಲ್ಪ ತಡವಾದರೂ ನಾನು ಈಗಲೂ ಓಣಿಯ ತುದಿಯವರೆಗೆ ಹೋಗಿ ನಿಲ್ಲುತ್ತೇನೆ. ಅಜ್ಜಿ ಗಾಳಿಗೆ ಹೋಗ್ಯಾಳ ಎಂದು ನೀವು ನಗುತ್ತೀರಿ.

ಯಾರಾದರೂ ನಿಮ್ಮಪ್ಪನನ್ನು ಕಳ್ಳ ಎಂದರೆ ಅವರ ಮೇಲೆ ಏರಿ ಹೋಗಬೇಡಿ. ಮನೆಗೆ ಬಂದು ಇಬ್ಬರೂ ಕೂತು ಇದನ್ನು ಓದಿರಿ, ಅವನಿಗೂ ಓದಿ ಹೇಳಿರಿ. ಬರೆದದ್ದು ಇದೊಂದೇ, ಇನ್ನೊಮ್ಮೆ ಬರೆಯುವ ಧೈರ್ಯ ನನಗಿಲ್ಲ. ಮಳೆಯ ನೀರು ತಾಕದ ಕಡೆ, ಇಲಿ ಮುಟ್ಟದ ಹಾಗೆ ಈ ಹಾಳೆಗಳನ್ನು ಜೋಪಾನವಾಗಿಡಿರಿ.